ಮುಕ್ತ ವಿನ್ಯಾಸದ ಸೆಟ್‌ಟಾಪ್ ಪೆಟ್ಟಿಗೆ

ಉಪಗ್ರಹದಿಂದಾಗಲಿ ಕೇಬಲ್ಲಿನಿಂದಾಗಲಿ ಬರುವ ಅಂಕೀಯ ಸಂಕೇತವನ್ನು ಗ್ರಹಿಸಿ, ಅದರಲ್ಲಿ ಹೆಣೆದುಕೊಂಡಿರುವ ಹಲವು ವಾಹಿನಿಗಳ ಪೈಕಿ ವೀಕ್ಷಕನು ಬಯಸಿದುದನ್ನು ಬೇರ್ಪಡಿಸಿ, ಚಿತ್ರವನ್ನೂ ಧ್ವನಿಯನ್ನೂ ಬಿಡಿಸಿ ಟೆಲಿವಿಷನ್ನಿಗೆ ಒಪ್ಪಿಸುವ ಉಪಕರಣವೇ ಸೆಟ್‌ಟಾಪ್ ಪೆಟ್ಟಿಗೆ. ಹೊರನೋಟಕ್ಕೆ ಗೇಣುದ್ದದ ಕಪ್ಪು ಡಬ್ಬಿಯಾದರೂ ಒಳಗೆ ಇದು ಸಂಸ್ಕಾರಕ, ಸ್ಮೃತಿಕೋಶ, ಕಾರ್ಯಾಚರಣ ವ್ಯವಸ್ಥೆ ಎಲ್ಲವನ್ನೂ ಉಳ್ಳ ಪೂರ್ಣಾಂಗವಾದ ಗಣಕ. ಇದರ ವಿದ್ಯುನ್ಮಂಡಲದ ನಕ್ಷೆ, ಬಿಡಿಭಾಗಗಳ ಪಟ್ಟಿ, ಫಲಕದ ಮೇಲಣ ತಾಮ್ರರೇಖೆಗಳ ವಿನ್ಯಾಸ, ಯಂತ್ರವನ್ನು ಚಾಲನೆಗೊಳಿಸುವ ಬೂಟ್‌ಲೋಡರ್, ಅದರ ಮೇಲೆ ನಡೆಯುವ ಲಿನಕ್ಸ್ ಅಥವಾ ಆಂಡ್ರಾಯ್ಡ್ ತಂತ್ರಾಂಶ ಇವೆಲ್ಲವನ್ನೂ ಯಾರು ಬೇಕಾದರೂ ಓದುವಂತೆಯೂ ತಿದ್ದುವಂತೆಯೂ, ತಿದ್ದಿದುದನ್ನು ಅದೇ ಯಂತ್ರದಲ್ಲಿ ನಡೆಸಿ ನೋಡುವಂತೆಯೂ ಪ್ರಕಟಿಸಿದಲ್ಲಿ ಅದು ಮುಕ್ತ ವಿನ್ಯಾಸದ ಪೆಟ್ಟಿಗೆ ಎನ್ನಿಸಿಕೊಳ್ಳುತ್ತದೆ. ಹೀಗೆ ಹೇಳಿದ ಮೂರು ಹಕ್ಕುಗಳಲ್ಲಿ ಕೊನೆಯದೇ ನಿರ್ಣಾಯಕವಾದದ್ದು. ಮೊದಲೆರಡನ್ನು ಧಾರಾಳವಾಗಿ ಕೊಟ್ಟು ಮೂರನೆಯದನ್ನು ತಡೆಹಿಡಿದ ಉದಾಹರಣೆಗಳು ಈ ಯಂತ್ರದ ಚರಿತ್ರೆಯಲ್ಲಿ ಸಾಕಷ್ಟು ದೊರೆಯುತ್ತವೆ.

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಹರಡಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇವುಗಳ ಪ್ರದೇಶವನ್ನು ಈ ಲೇಖನವು ದೃಷ್ಟಾಂತಭೂಮಿಯಾಗಿ ಇಟ್ಟುಕೊಂಡಿರುವುದಕ್ಕೆ ಕಾರಣವುಂಟು. ಸುಣ್ಣಕಲ್ಲಿನ ಪದರಗಳ ಮೇಲೆ ನಿಂತಿರುವ, ಶಹಾಬಾದಿನ ಹಾಸುಗಲ್ಲಿಗೂ ವಾಡಿ, ಸೇಡಂ, ಮಳಖೇಡಗಳ ಸಿಮೆಂಟಿಗೂ ಹೆಸರಾದ, ಕನ್ನಡದೊಡನೆ ದಖ್ಖನಿ ಉರ್ದು, ತೆಲುಗು, ಲಂಬಾಣಿ ಭಾಷೆಗಳು ಸಂತೆಯಲ್ಲಿ ಬೆರೆತು ಕೇಳಿಬರುವ ಈ ಸೀಮೆಯನ್ನು ಒಳಗೊಂಡ ಜಿಲ್ಲೆಗೆ ಉಪಗ್ರಹದ ಚಿತ್ರವನ್ನು ಬಿಡಿಸಿ ತೋರಿಸುವ ಪೆಟ್ಟಿಗೆ ಬಂದದ್ದು ಬೆಂಗಳೂರಿಗೆ ದೂರದರ್ಶನ ಬರುವುದಕ್ಕೂ ಆರು ವರ್ಷ ಮುಂಚೆ.

1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಆದ ಒಪ್ಪಂದದ ಫಲವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು, ಸೈಟ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದದ್ದು, ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಹರಡಿದ ಸುಮಾರು 2,400 ಗ್ರಾಮಗಳನ್ನು ತನ್ನ ಕ್ಷೇತ್ರವನ್ನಾಗಿ ಮಾಡಿಕೊಂಡಿತ್ತು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ. ಎಟಿಎಸ್-6 ಎಂಬ ಆ ಉಪಗ್ರಹವು 35 ಅಂಶ ಪೂರ್ವ ರೇಖಾಂಶದಲ್ಲಿ, ಎಂದರೆ ಆಫ್ರಿಕದ ಪೂರ್ವಭಾಗದ ನೆತ್ತಿಯ ಮೇಲೆ, ನಿಂತಿದ್ದುದರಿಂದ ನಮ್ಮ ಗ್ರಾಮಗಳ ಛತ್ರಿಗಳು ಪಡುವಣ ದಿಕ್ಕನ್ನು ನೋಡಬೇಕಾಗಿತ್ತು. ಛತ್ರಿಯೆಂದರೂ ಅದು ಇಂದಿನ ಲೋಹದ ಬಟ್ಟಲಲ್ಲ. ಕೋಳಿಗೂಡಿಗೆ ಬಳಸುವ ತಂತಿಬಲೆಯನ್ನು ಚೌಕಟ್ಟಿಗೆ ಬಿಗಿದು ಮಾಡಿದ, 3 ಮೀಟರ್ ವ್ಯಾಸದ, ಗಾಳಿ ತೂರಿಹೋಗುವ ಹಗುರಾದ ರಚನೆ. ಆ ಬಲೆಯಿಂದ ಬಂದ 860 ಮೆಗಾಹರ್ಟ್ಸ್ ಆವೃತ್ತಿಯ ಸಂಕೇತವು ಸಾಮಾನ್ಯ ದೂರದರ್ಶನಯಂತ್ರಕ್ಕೆ ಅರ್ಥವಾಗುವಂಥದ್ದಲ್ಲವಾದಕಾರಣ, ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದವರು ಅದನ್ನು ಪರಿವರ್ತಿಸುವ ಪ್ರತ್ಯೇಕ ಪೆಟ್ಟಿಗೆಯೊಂದನ್ನು ರೂಪಿಸಿದರು. ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯಲ್ಲಿ ಗ್ರಾಹಕಯಂತ್ರಗಳು ತಯಾರಾದವು.

ಪ್ರಯೋಗದ ವಿಶೇಷವೊಂದು ಈ ಸೀಮೆಗೆ ಅತ್ಯಂತ ಸಂಗತವಾದದ್ದು. ಚಿತ್ರವೊಂದೇ ಆದರೂ ಅದರ ಜೊತೆಗೆ ಎರಡು ಧ್ವನಿಮಾರ್ಗಗಳನ್ನು ಕಳುಹಿಸುವ ಏರ್ಪಾಡಿದ್ದುದರಿಂದ, ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾದ ಕಾರ್ಯಕ್ರಮವನ್ನು ಕರ್ನಾಟಕದ ಗ್ರಾಮಗಳು ಕನ್ನಡದಲ್ಲಿಯೂ ಆಂಧ್ರದ ಗ್ರಾಮಗಳು ತೆಲುಗಿನಲ್ಲಿಯೂ ಕೇಳಬಹುದಾಗಿತ್ತು. ದಿನಕ್ಕೆ ಒಟ್ಟು ನಾಲ್ಕು ಗಂಟೆಗಳ ಪ್ರಸಾರ. ಬೆಳಗಿನ ಒಂದೂವರೆ ಗಂಟೆ ಶಾಲಾಬಾಲಕರಿಗೆ, ಸಂಜೆಯ ಎರಡೂವರೆ ಗಂಟೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಮನೋರಂಜನೆಗಳಿಗೆ ಮೀಸಲು. ಯಂತ್ರವು ಯಾರೊಬ್ಬರ ಮನೆಯ ಸೊತ್ತೂ ಅಲ್ಲದೆ ಶಾಲೆಯಲ್ಲೋ ಪಂಚಾಯಿತಿಯ ಕಟ್ಟಡದಲ್ಲೋ ಇಡಲ್ಪಟ್ಟಿತ್ತು. ಪ್ರಯೋಗ ಮುಗಿದು ಉಪಗ್ರಹವು ಸ್ಥಾನ ಬದಲಿಸಿದ ಮೇಲೆ, ರೂಢಿಯಾದ ನೋಟ ಕಡಿದುಹೋಗದಂತೆ 1977ರಲ್ಲಿ ಗುಲ್ಬರ್ಗದಲ್ಲಿ ಭೂತಲ ಪ್ರಸಾರಕೇಂದ್ರವು ಆರಂಭವಾಯಿತು; ಬೆಂಗಳೂರಿನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಸೈಟ್‌ನ ಪೆಟ್ಟಿಗೆಯನ್ನು ಇಂದಿನ ಪರಿಭಾಷೆಯ ಅರ್ಥದಲ್ಲಿ ಮುಕ್ತ ವಿನ್ಯಾಸವೆನ್ನಲಾಗದು, ಏಕೆಂದರೆ ಆ ಕಾಲಕ್ಕೆ ಅಂಥ ಪರವಾನಗಿಯ ಕಲ್ಪನೆಯೇ ಹುಟ್ಟಿರಲಿಲ್ಲ. ಆದರೂ ಸಾರ್ವಜನಿಕ ಸಂಸ್ಥೆಯೊಂದು ರೂಪಿಸಿ, ಮತ್ತೊಂದು ಸಾರ್ವಜನಿಕ ಸಂಸ್ಥೆ ತಯಾರಿಸಿ, ದೇಶದೊಳಗೇ ಬಿಚ್ಚಿ ದುರಸ್ತಿಮಾಡಬಹುದಾಗಿದ್ದ ಆ ಯಂತ್ರವು ಅನಂತರ ಬಂದ ಎಷ್ಟೋ ಡಬ್ಬಿಗಳಿಗಿಂತ ಮುಕ್ತತೆಗೆ ಹತ್ತಿರವಾಗಿತ್ತೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಅಂಕೀಯ ಯುಗದ ಪೆಟ್ಟಿಗೆಯ ಅಂತರಂಗವನ್ನು ತಿಳಿಯಲು ಸಂಕೇತವು ಹಾದುಹೋಗುವ ದಾರಿಯನ್ನು ಹಿಡಿದು ನಡೆಯುವುದು ಸುಲಭ. ಮೊದಲು ಟ್ಯೂನರ್ ಎಂಬ ಭಾಗವು ಬೇಕಾದ ಆವೃತ್ತಿಯನ್ನು ಆಯ್ದುಕೊಳ್ಳುತ್ತದೆ. ಡಿಮಾಡ್ಯುಲೇಟರ್ ಅದರಿಂದ ಅಂಕಿಗಳ ಪ್ರವಾಹವನ್ನು ಹೊರತೆಗೆದು, ದಾರಿಯಲ್ಲಿ ಕೆಟ್ಟ ಅಂಕಿಗಳನ್ನು ಗಣಿತದ ಬಲದಿಂದ ಸರಿಪಡಿಸುತ್ತದೆ. ಕೇಬಲ್ಲಿನಲ್ಲಿ ಹಿಂದೆ ಒಂದೇ ವಾಹಿನಿ ಆಕ್ರಮಿಸುತ್ತಿದ್ದ 8 ಮೆಗಾಹರ್ಟ್ಸ್ ಅವಕಾಶದಲ್ಲಿ ಈಗ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹರಿಯುವುದರಿಂದ ಹತ್ತಾರು ವಾಹಿನಿಗಳು ಅದರಲ್ಲಿ ಹಿಡಿಸುತ್ತವೆ. ಈ ಪ್ರವಾಹವು 188 ಬೈಟುಗಳ ಪೊಟ್ಟಣಗಳಾಗಿ ವಿಭಜಿತವಾಗಿದ್ದು, ಪ್ರತಿಯೊಂದು ಪೊಟ್ಟಣವೂ ಷೋಡಶಮಾನದ 47 ಎಂಬ ಅಂಕಿಯಿಂದ ಆರಂಭವಾಗಿ, ತಾನು ಯಾವ ಚಿತ್ರಕ್ಕೆ ಅಥವಾ ಯಾವ ಧ್ವನಿಗೆ ಸೇರಿದುದೆಂಬುದನ್ನು ತಿಳಿಸುವ ಗುರುತುಸಂಖ್ಯೆಯನ್ನು ಹೊತ್ತಿರುತ್ತದೆ. ಗುರುತು ನೋಡಿ ಪೊಟ್ಟಣಗಳನ್ನು ಬೇರೆಬೇರೆ ಸಾಲಿಗೆ ಹಚ್ಚುವುದು ಡಿಮಲ್ಟಿಪ್ಲೆಕ್ಸರಿನ ಕೆಲಸ. ವಾಹಿನಿಯು ಶುಲ್ಕದ್ದಾಗಿದ್ದರೆ ಪೊಟ್ಟಣಗಳ ಒಳಭಾಗ ಗೂಢಲಿಪಿಯಲ್ಲಿದ್ದು, ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುವ ಕೀಲಿಯೊಂದು ದೊರೆತ ಹೊರತು ತೆರೆಯದು. ಚಂದಾ ಸಂದಾಯವಾಗಿದೆಯೇ ಎಂದು ಪರೀಕ್ಷಿಸಿ ಕೀಲಿಯನ್ನು ನೀಡುವ ಏರ್ಪಾಡಿಗೆ ಷರತ್ತುಬದ್ಧ ಪ್ರವೇಶ ವ್ಯವಸ್ಥೆ ಎನ್ನುತ್ತಾರೆ. ಕೊನೆಯದಾಗಿ ಎಂಪೆಗ್-2, ಎಚ್.264 ಮೊದಲಾದ ರೀತಿಗಳಲ್ಲಿ ಸಂಕ್ಷೇಪಗೊಂಡಿರುವ ಚಿತ್ರವನ್ನು ಡಿಕೋಡರ್ ವಿಸ್ತರಿಸಿ ಪರದೆಗೆ ಕಳುಹಿಸುತ್ತದೆ.

ಈ ದಾರಿಯ ಬಹುಭಾಗಕ್ಕೆ ಮುಕ್ತ ತಂತ್ರಾಂಶವು ಎಂದೋ ಸಿದ್ಧವಾಗಿದೆ. ಟ್ಯೂನರನ್ನೂ ಡಿಮಲ್ಟಿಪ್ಲೆಕ್ಸರನ್ನೂ ಸಾಮಾನ್ಯ ಕಡತಗಳಂತೆ ತೆರೆದು ಓದುವ ಪದ್ಧತಿಯೊಂದು ಲಿನಕ್ಸಿನ ತಿರುಳಿನಲ್ಲಿಯೇ ಸೇರಿಹೋಗಿದೆ. ಆದುದರಿಂದ ಸೇಡಂನಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ಹಳೆಯ ಗಣಕಕ್ಕೆ ಉಪಗ್ರಹ ಟ್ಯೂನರ್ ಕಾರ್ಡೊಂದನ್ನು ಜೋಡಿಸಿ, ಛತ್ರಿಯನ್ನು ನೇರ ಆಗ್ನೇಯಕ್ಕೆ, ಕ್ಷಿತಿಜದಿಂದ ಸುಮಾರು 62 ಅಂಶ ಮೇಲಕ್ಕೆ ತಿರುಗಿಸಿದನೆಂದರೆ, 93.5 ಅಂಶ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ ದೂರದರ್ಶನದ ಡಿಡಿ ಫ್ರೀ ಡಿಶ್ ಬಿತ್ತರಿಸುವ, ಗೂಢಲಿಪಿಯಿಲ್ಲದ ವಾಹಿನಿಗಳನ್ನು ಯಾರ ಅಪ್ಪಣೆಯೂ ಬೇಕಿಲ್ಲದೆ ಬಿಡಿಸಿ ನೋಡಬಹುದು. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದ, ಮಾಸಿಕ ಶುಲ್ಕವಿಲ್ಲದ ಈ ಸೇವೆಯು ಪ್ರಯೋಗಶೀಲನಿಗೆ ಒದಗಿರುವ ಅತ್ಯುತ್ತಮ ಪಾಠಶಾಲೆ. ಚಿಂಚೋಳಿಯ ಕಾಡುಗುಡ್ಡಗಳ ಮರೆಯ ಊರುಗಳಿಗೂ ಭೂತಲದ ಗೋಪುರಕ್ಕಿಂತ ನೆತ್ತಿಯ ಉಪಗ್ರಹವೇ ಒಗ್ಗುವಂಥದ್ದು.

ಪಶ್ಚಿಮದಲ್ಲಿ ಮುಕ್ತ ಪೆಟ್ಟಿಗೆಯ ಕಥೆ ಒಂದು ಜಗಳದಿಂದ ರೂಪುಗೊಂಡಿತು. 1999ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿವೊ ಎಂಬ, ಕಾರ್ಯಕ್ರಮಗಳನ್ನು ಮುದ್ರಿಸಿಟ್ಟುಕೊಳ್ಳುವ ಪೆಟ್ಟಿಗೆ ಲಿನಕ್ಸನ್ನು ಬಳಸಿ, ಲಿನಕ್ಸಿನ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಮಾತಿನಂತೆ ತನ್ನ ತಿದ್ದುಪಡಿಗಳನ್ನು ಪ್ರಕಟಿಸಿಯೂ ಪ್ರಕಟಿಸಿತು. ಆದರೆ ತಯಾರಕರ ಅಂಕೀಯ ಸಹಿಯಿಲ್ಲದ ತಂತ್ರಾಂಶವನ್ನು ನಡೆಸಲು ಯಂತ್ರವೇ ನಿರಾಕರಿಸುವಂತೆ ಅದು ಮುಂದೆ ಕಟ್ಟಲ್ಪಟ್ಟಿತು. ಈ ಜಾಣತನವನ್ನು ಖಂಡಿಸಿದ, ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ನನ ಬಳಗವು 2007ರ ಜೂನ್ 29ರಂದು ಹೊರತಂದ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ತಡೆಯುವ ವಿಧಿಯನ್ನೇ ಸೇರಿಸಿತು; ಲಿನಕ್ಸ್ ತಿರುಳು ಮಾತ್ರ ಎರಡನೆಯ ಆವೃತ್ತಿಯಲ್ಲೇ ಉಳಿದಿದೆಯಾದ್ದರಿಂದ ವಿವಾದವಿನ್ನೂ ಜೀವಂತವಾಗಿದೆ. ಜರ್ಮನಿಯಲ್ಲಿ ಡಿಬಾಕ್ಸ್-2 ಎಂಬ ಮುಚ್ಚಿದ ಪೆಟ್ಟಿಗೆಯನ್ನು ಹವ್ಯಾಸಿಗಳು ಬಿಚ್ಚಿ ಅದರ ಮೇಲೆ ಲಿನಕ್ಸನ್ನು ಕೂಡಿಸಿದ ಟಕ್ಸ್‌ಬಾಕ್ಸ್ ಪ್ರಯತ್ನವೂ, ಅದರ ಬೆನ್ನಿಗೆ ಲಿನಕ್ಸನ್ನೇ ಅಸ್ತಿವಾರವನ್ನಾಗಿಸಿ ಬಂದ ಡ್ರೀಮ್‌ಬಾಕ್ಸ್ ಪೆಟ್ಟಿಗೆಗಳೂ ಯೂರೋಪಿನಲ್ಲಿ ಒಂದು ಪರಂಪರೆಯನ್ನೇ ಬೆಳೆಸಿದವು. ಷಿಕಾಗೋದ ನ್ಯೂರೋಸ್ ಸಂಸ್ಥೆ 2006ರಲ್ಲಿ ಬಿಡುಗಡೆ ಮಾಡಿದ ಒಎಸ್‌ಡಿ ಪೆಟ್ಟಿಗೆ, 2008ರ ಬೀಗಲ್‌ಬೋರ್ಡ್ ಎಂಬ ಮುಕ್ತ ಫಲಕ, 2012ರ ರಾಸ್ಪ್‌ಬೆರಿ ಪೈ ಇವು ಅನಂತರದ ಮೈಲಿಗಲ್ಲುಗಳು. ಪೈ ಫಲಕದಲ್ಲಿ ಎಂಪೆಗ್-2 ಚಿತ್ರವನ್ನು ಬಿಡಿಸುವ ಶಕ್ತಿ ಚಿಪ್ಪಿನೊಳಗೇ ಇದ್ದರೂ, ಸ್ವಾಮ್ಯಹಕ್ಕಿನ ನಿಮಿತ್ತ ಅದನ್ನು ತೆರೆಯುವ ಕೀಲಿಯನ್ನು 2.40 ಪೌಂಡಿಗೆ ಬೇರೆಯಾಗಿ ಕೊಳ್ಳಬೇಕಾಗಿದ್ದದ್ದು ಗಮನಾರ್ಹ.

ಅಭಿವೃದ್ಧಿಕಾರರಿಗೆಂದೇ ನಿರ್ಮಿತವಾದ ಸೆಟ್‌ಟಾಪ್ ಫಲಕಗಳ ಪೈಕಿ ಪಾಪ್ಲರ್ ಎಂಬುದು ವಿಸ್ತಾರವಾದ ಪರಿಚಯಕ್ಕೆ ಯೋಗ್ಯವಾದದ್ದು. ಆರ್ಮ್ ಸಂಸ್ಕಾರಕಗಳಿಗೆ ಲಿನಕ್ಸನ್ನು ಹೊಂದಿಸುವ ಉದ್ದೇಶದಿಂದ 2010ರಲ್ಲಿ ಹಲವು ಚಿಪ್ ಸಂಸ್ಥೆಗಳು ಕೂಡಿ ಸ್ಥಾಪಿಸಿದ ಲಿನಾರೊ ಎಂಬ ಸಂಘಟನೆಯು 2015ರಲ್ಲಿ 96ಬೋರ್ಡ್ಸ್ ಎಂಬ ಮುಕ್ತ ನಿರ್ದೇಶನವನ್ನು ಪ್ರಕಟಿಸಿ, ಫಲಕದ ಅಳತೆ ಎಷ್ಟು, ಯಾವ ಸಂಪರ್ಕಸ್ಥಾನ ಎಲ್ಲಿ ಎಂಬುದನ್ನು ನಿಗದಿಗೊಳಿಸಿತು. ಅದರ ದೂರದರ್ಶನ ಶಾಖೆಗೆ ಸೇರಿದ ಮೊದಲ ಫಲಕವಾಗಿ 2016ರಲ್ಲಿ ಪ್ರಕಟವಾದದ್ದು ಪಾಪ್ಲರ್. ಹೈಸಿಲಿಕಾನ್ ಸಂಸ್ಥೆಯ ಹೈ3798ಸಿವಿ200 ಎಂಬ ಚಿಪ್, ಅದರಲ್ಲಿ ನಾಲ್ಕು ಕಾರ್ಟೆಕ್ಸ್-ಎ53 ತಿರುಳುಗಳು, ಮಾಲಿ-ಟಿ720 ಚಿತ್ರಸಂಸ್ಕಾರಕ, 8 ಗಿಗಾಬೈಟ್ ಸಂಗ್ರಹ, ಎಚ್‌ಡಿಎಂಐ 2.0, ಗಿಗಾಬಿಟ್ ಈಥರ್ನೆಟ್, ರಿಮೋಟಿನ ಅತಿರಕ್ತ ಕಿರಣವನ್ನು ಗ್ರಹಿಸುವ ಕಣ್ಣು, ಹೊರಗಿನ ಟ್ಯೂನರನ್ನು ಜೋಡಿಸಲು ಪ್ರತ್ಯೇಕ ಮುಖ ಇವು ಅದರ ಲಕ್ಷಣಗಳು. ಮನೆಯ ಜಗಲಿಯಲ್ಲಿಡುವ ಡಬ್ಬಿಯಲ್ಲವಿದು. ಹೊದಿಕೆಯಿಲ್ಲದ ಬರಿಯ ಫಲಕ. ಲಿನಕ್ಸಿನ ಮೂಲ ತಿರುಳಿನಲ್ಲಿಯೇ ಇದರ ವಿವರಣೆ ಸೇರಿರುವುದರಿಂದ ತಯಾರಕರ ಕೃಪೆಯನ್ನು ಕಾಯದೆ ಹೊಸ ತಿರುಳನ್ನು ಇದರ ಮೇಲೆ ಕಟ್ಟಲು ಸಾಧ್ಯ. ಆದರೆ ಮುಕ್ತವಾದದ್ದು ಫಲಕದ ನಿರ್ದೇಶನವೇ ಹೊರತು ಚಿಪ್ಪಿನ ಒಡಲಲ್ಲ. ಚಿತ್ರಸಂಸ್ಕಾರಕದ ಚಾಲಕತಂತ್ರಾಂಶವನ್ನು ಅದರ ಒಡೆಯರು ಬಹುಕಾಲ ಓದಲಾಗದ ರೂಪದಲ್ಲಿಯೇ ಕೊಡುತ್ತ ಬಂದರು. ಮುಕ್ತವೆಂಬ ಹಣೆಪಟ್ಟಿ ಹೊತ್ತ ಬಹುತೇಕ ಫಲಕಗಳ ಮಿತಿ ಇದೇ.

ಕರ್ನಾಟಕಕ್ಕೆ, ಪೆಟ್ಟಿಗೆಯಲ್ಲಲ್ಲದಿದ್ದರೂ ಮುಕ್ತ ಯಂತ್ರಾಂಶದ ವಿಷಯದಲ್ಲಿ, ಸ್ಮರಣೆಗೆ ಅರ್ಹವಾದ ಸ್ವಂತ ಸಾಹಸವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡಗೂಡಿ ರೂಪಿಸಿ, 2001ರಲ್ಲಿ ಮಾದರಿಯನ್ನು ಪ್ರದರ್ಶಿಸಿದ ಸಿಂಪ್ಯೂಟರ್ ಎಂಬ ಅಂಗೈಗಣಕವು ಅಕ್ಷರ ಬಾರದ ಗ್ರಾಮಸ್ಥನಿಗೂ ಒದಗಬೇಕೆಂಬ ಧ್ಯೇಯದ್ದಾಗಿತ್ತು. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ಲಿನಕ್ಸ್ ನಡೆಯುತ್ತಿತ್ತು. ಅದರ ಯಂತ್ರಾಂಶವನ್ನು ಪ್ರತ್ಯೇಕ ಸಾರ್ವಜನಿಕ ಪರವಾನಗಿಯೊಂದರ ಅಡಿಯಲ್ಲಿ ಬಿಡುಗಡೆ ಮಾಡಿ, ವಿನ್ಯಾಸವನ್ನು ಸುಧಾರಿಸಿ ಮಾರುವವರು ಕೆಲಕಾಲ ಲಾಭಪಡೆದ ಮೇಲೆ ಆ ಸುಧಾರಣೆಯನ್ನು ಸಿಂಪ್ಯೂಟರ್ ನ್ಯಾಸಕ್ಕೆ (ಟ್ರಸ್ಟಿಗೆ) ಮರಳಿಸತಕ್ಕದ್ದೆಂದು ವಿಧಿಸಿದ್ದು, ಜಗತ್ತಿನಲ್ಲಿ ಮುಕ್ತ ಯಂತ್ರಾಂಶಕ್ಕೆ ಸರ್ವಸಮ್ಮತ ವ್ಯಾಖ್ಯೆ 2011ರಲ್ಲಿ ರೂಪುಗೊಳ್ಳುವುದಕ್ಕೂ ಹತ್ತು ವರ್ಷ ಮುಂಚಿನ ಮಾತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಹರಡಲಿಲ್ಲ. ಆದರೆ ಆ ಯತ್ನದ ಮಗ್ಗುಲಲ್ಲಿ ಹರಿಹರನ್ ಅವರು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಲೆಂದು ಆರಂಭಿಸಿದ ‘ಧ್ವನಿ’ ಎಂಬ ಮುಕ್ತ ತಂತ್ರಾಂಶವು ಬದುಕಿ, ಬೇರೆ ಭಾರತೀಯ ಭಾಷೆಗಳಿಗೂ ವಿಸ್ತರಿಸಿತು. ಯಂತ್ರ ಸೋತು ಅದರ ಅಂಗವೊಂದು ಗೆದ್ದುದು ಮುಕ್ತ ಪರವಾನಗಿಯ ಪ್ರಸಾದವೇ ಸರಿ.

ಇನ್ನು ಭಾರತದ ಮನೆಗಳಿಗೆ ಪೆಟ್ಟಿಗೆ ಅನಿವಾರ್ಯವಾದದ್ದು ಕಾಯಿದೆಯಿಂದ. 2011ರಲ್ಲಿ ತಿದ್ದುಪಡಿಯಾದ ಕೇಬಲ್ ದೂರದರ್ಶನ ಜಾಲಗಳ ಶಾಸನವು ಕೇಬಲ್ ಪ್ರಸಾರವನ್ನೆಲ್ಲ ನಾಲ್ಕು ಹಂತಗಳಲ್ಲಿ ಅಂಕೀಯಗೊಳಿಸಬೇಕೆಂದು ವಿಧಿಸಿದ ಮೇರೆಗೆ, ಮೊದಲು ಮಹಾನಗರಗಳೂ 2013ರಲ್ಲಿ ಬೆಂಗಳೂರು ಮೈಸೂರುಗಳೂ ಬದಲಾದವು. ಪುರಸಭೆ ನಗರಸಭೆಗಳುಳ್ಳ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ಮೂರನೆಯ ಹಂತಕ್ಕೂ, ಅವುಗಳ ಸುತ್ತಣ ಹಳ್ಳಿಗಳು ನಾಲ್ಕನೆಯ ಹಂತಕ್ಕೂ ಸೇರಿದವು. ಗಡುವುಗಳು ಮುಂದೂಡಲ್ಪಟ್ಟು ಕೊನೆಗೆ 2017ರ ಜನವರಿ 31 ಹಾಗೂ ಮಾರ್ಚ್ 31 ಎಂದು ನಿಂತವು. ಆಗ ಬಂದ ಡಬ್ಬಿಗಳು ಆಯಾ ಕೇಬಲ್‌ನವರ ಜಾಲಕ್ಕೆ ಕಟ್ಟುಬಿದ್ದವು. ಊರು ಬದಲಿಸಿದರೆ, ಇಲ್ಲವೆ ಸೇವೆ ಬದಲಿಸಿದರೆ, ದುಡ್ಡು ಕೊಟ್ಟು ಕೊಂಡ ಡಬ್ಬಿ ಉಪಯೋಗಕ್ಕೆ ಬಾರದು. ಸಿಮೆಂಟ್ ಕಾರ್ಖಾನೆಗಳ ಕೆಲಸವನ್ನರಸಿ ಜನ ಬಂದುಹೋಗುತ್ತಲೇ ಇರುವ ಈ ಸೀಮೆಯಲ್ಲಿ ಇದರ ನಷ್ಟ ಸಣ್ಣದಲ್ಲ. ಟ್ರಾಯ್ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲಿನಲ್ಲಿ ಎಲ್ಲ ಪೆಟ್ಟಿಗೆಗಳೂ ಪರಸ್ಪರ ವಿನಿಮಯಯೋಗ್ಯವಾಗಿರಬೇಕೆಂದು, ಷರತ್ತುಬದ್ಧ ಪ್ರವೇಶದ ಭಾಗವನ್ನು ಯುಎಸ್‌ಬಿ ಮುಖದಿಂದ ಜೋಡಿಸುವ ಪದ್ಧತಿಯನ್ನು ಅನುಸರಿಸಬಹುದೆಂದು ಶಿಫಾರಸು ಮಾಡಿತು. ವಿದೇಶೀ ಪ್ರವೇಶವ್ಯವಸ್ಥೆಗಳ ಪರವಾನಗಿ ಶುಲ್ಕದ ಭಾರವನ್ನು ಇಳಿಸಲೆಂದು ಕೇಂದ್ರ ಸರ್ಕಾರದ ನೆರವಿನಿಂದ ಬೆಂಗಳೂರಿನ ಬೈಡಿಸೈನ್ ಸಂಸ್ಥೆ ರೂಪಿಸಿದ ಐಕ್ಯಾಸ್ ಎಂಬ ದೇಶೀಯ ವ್ಯವಸ್ಥೆಯು ಡಿಡಿ ಫ್ರೀ ಡಿಶ್‌ನ ಪೆಟ್ಟಿಗೆಗಳಲ್ಲಿ ಬಳಕೆಗೆ ಬಂದಿದೆ. ಟೆಲಿವಿಷನ್ನಿನೊಳಗೇ ಉಪಗ್ರಹ ಟ್ಯೂನರನ್ನು ಅಳವಡಿಸಿ ಹೊರಗಿನ ಡಬ್ಬಿಯನ್ನೇ ತಪ್ಪಿಸುವ ಐಎಸ್ 18112 ಎಂಬ ಮಾನಕವೂ 2022ರಲ್ಲಿ ಸಿದ್ಧವಾಯಿತು.

ಮುಕ್ತ ಪೆಟ್ಟಿಗೆಯಿಂದ ಕನ್ನಡಕ್ಕೆ ಆಗಬಹುದಾದ ಉಪಕಾರ ಯಾವುದೆಂದರೆ, ಮೊದಲನೆಯದಾಗಿ ಕಾರ್ಯಕ್ರಮಸೂಚಿ. ಪೊಟ್ಟಣಗಳ ಜೊತೆಗೆ ಬರುವ ಈ ಸೂಚಿಯ ಅಕ್ಷರಗಳಿಗೆ ಯೂರೋಪಿನ ಮಾನಕವು ಲ್ಯಾಟಿನ್, ಗ್ರೀಕ್, ಅರಬಿ, ಹೀಬ್ರೂ, ಥಾಯ್ ಮುಂತಾದ ಕೋಷ್ಟಕಗಳನ್ನು ಗೊತ್ತುಮಾಡಿತ್ತು. ದೇವನಾಗರಿಗೆಂದು ಯೋಚಿಸಿದ್ದ ಐಎಸ್‌ಒ 8859ರ ಹನ್ನೆರಡನೆಯ ಭಾಗ ಪೂರ್ಣಗೊಳ್ಳಲೇ ಇಲ್ಲ, ಕನ್ನಡದ ಹೆಸರಂತೂ ಆ ಸಾಲಿನಲ್ಲಿ ಬರಲೇ ಇಲ್ಲ. ಮುಂದೆ ಯೂನಿಕೋಡಿಗೆ ಎಡೆಮಾಡಿಕೊಟ್ಟು, ಪಠ್ಯದ ಮೊದಲ ಬೈಟು ಷೋಡಶಮಾನದ 15 ಆಗಿದ್ದರೆ ಉಳಿದುದನ್ನು ಯುಟಿಎಫ್-8 ಎಂದು ಓದತಕ್ಕದ್ದೆಂಬ ನಿಯಮ ಬಂದಿತು. ಪ್ರಸಾರಕರು ಕನ್ನಡದಲ್ಲಿ ಸೂಚಿಯನ್ನು ಕಳುಹಿಸಿದರೂ, ಒತ್ತಕ್ಷರಗಳನ್ನು ಕೂಡಿಸಿ ಬರೆಯಬಲ್ಲ ಲಿಪಿಯಂತ್ರವಿಲ್ಲದ ಡಬ್ಬಿಯಲ್ಲಿ ‘ಚಿತ್ತಾಪುರ’ವು ತಕಾರಗಳು ಬೇರೆಬೇರೆಯಾಗಿ ಚದರಿ ಕಾಣುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಇದಕ್ಕೆ ಮದ್ದಿಲ್ಲ. ಮುಕ್ತ ಡಬ್ಬಿಯಲ್ಲಾದರೋ ಹಾರ್ಫ್‌ಬಜ಼್ ಎಂಬ ಲಿಪಿಸಂಯೋಜಕವನ್ನೂ, ಗುಬ್ಬಿ, ನವಿಲು, ಲೋಹಿತ್ ಮುಂತಾದ ಸ್ವತಂತ್ರ ಅಕ್ಷರಗುಚ್ಛಗಳಲ್ಲಿ ಒಂದನ್ನೂ ಸೇರಿಸಿದರೆ ಸಾಕು. ಎರಡನೆಯದು ಬಹುಧ್ವನಿ. ಪ್ರತಿ ಧ್ವನಿಪ್ರವಾಹಕ್ಕೂ ಮೂರಕ್ಷರದ ಭಾಷಾಸಂಕೇತವನ್ನು ಅಂಟಿಸುವ ಸೌಕರ್ಯ ಅಂಕೀಯ ಮಾನಕದಲ್ಲಿಯೇ ಇರುವುದರಿಂದ, ತೆಲಂಗಾಣಕ್ಕೆ ಹೊಂದಿಕೊಂಡ ಸೇಡಂ ತಾಲ್ಲೂಕಿನ ಮನೆಯೊಂದರಲ್ಲಿ ಅಜ್ಜಿ ತೆಲುಗಿನಲ್ಲಿ, ಮೊಮ್ಮಗ ಕನ್ನಡದಲ್ಲಿ ಕೇಳುವಂತೆ ಎರಡು ಪ್ರವಾಹಗಳನ್ನು ಏಕಕಾಲಕ್ಕೆ ಪರದೆಗೊಂದು, ಕಿವಿಗವಚಕ್ಕೊಂದು ಕೊಡುವ ತಂತ್ರಾಂಶವನ್ನು ಬರೆಯಲು ಅಡ್ಡಿಯಿಲ್ಲ. ಸೈಟ್‌ನ ಗ್ರಾಹಕಯಂತ್ರ ಗ್ರಾಮಕ್ಕೊಂದರಂತೆ ಮಾಡಿದ ಕೆಲಸವನ್ನು ಇದು ಮನೆಯೊಳಗೇ ಮಾಡೀತು.

ಅಡ್ಡಿಯಿರುವುದು ಬೇರೆಡೆ. ಕೀಲಿಗಳನ್ನು ಕಾಪಾಡುವ ಷರತ್ತುಬದ್ಧ ಪ್ರವೇಶಕ್ಕೂ ಎಲ್ಲವನ್ನೂ ತೆರೆದಿಡುವ ವಿನ್ಯಾಸಕ್ಕೂ ಸಹಜವಾದ ವೈರ. ಸಂಸ್ಕಾರಕದೊಳಗೆ ಪ್ರತ್ಯೇಕ ರಕ್ಷಿತಕೋಣೆಯೊಂದನ್ನು ಮಾಡಿ, ಆಪ್-ಟೀ ಎಂಬ ಮುಕ್ತ ತಂತ್ರಾಂಶವನ್ನು ಅದರ ಕಾವಲಿಗಿಟ್ಟು, ಕೀಲಿಗಳನ್ನು ಅಲ್ಲಿರಿಸಿ ಉಳಿದುದನ್ನು ತೆರೆದಿಡುವ ರಾಜಿಮಾರ್ಗವನ್ನು ಪಾಪ್ಲರಿನಂಥ ಫಲಕಗಳಲ್ಲಿ ಪ್ರಯತ್ನಿಸಲಾಗಿದೆ. ಚಿತ್ರಸಂಕ್ಷೇಪದ ಸ್ವಾಮ್ಯಹಕ್ಕುಗಳು ಮತ್ತೊಂದು ತೊಡಕು. ಎಂಪೆಗ್-2ರ ಹಕ್ಕುಗಳು ಬಹುತೇಕ ಎಲ್ಲೆಡೆ ಅವಧಿ ಮೀರಿವೆ, ಶುಲ್ಕರಹಿತವೆಂದು 2018ರಲ್ಲಿ ಬಂದ ಎವಿ1 ರೀತಿಯಾದರೋ ಅಂತರಜಾಲದಲ್ಲಿ ನೆಲೆಗೊಂಡಿದೆಯೇ ಹೊರತು ನಮ್ಮ ಕೇಬಲ್ ಪ್ರಸಾರವನ್ನು ಮುಟ್ಟಿಲ್ಲ. ಸಂಸ್ಕಾರಕದ ಒಡಲನ್ನೂ ಮುಕ್ತಗೊಳಿಸುವ ದಿಶೆಯಲ್ಲಿ ಮದರಾಸಿನ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗಾ ಮೊದಲಾದ, ರಿಸ್ಕ್-ಫೈವ್ ಎಂಬ ಮುಕ್ತ ಸೂಚನಾಸಮೂಹವನ್ನು ಆಧರಿಸಿದ ಯತ್ನಗಳು ನಡೆದಿವೆ.

ಯಂತ್ರವು ಬಾಳಿಕೆ ಬರಬೇಕಾದ ಪರಿಸರವನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಈ ಸೀಮೆಯ ತಾಪಮಾನ 40 ಅಂಶ ಸೆಲ್ಸಿಯಸನ್ನು ದಾಟುವುದು ವಾಡಿಕೆ. ಕಾರ್ಖಾನೆ ಕಲ್ಲುಗಣಿಗಳ ನೆರೆಯಲ್ಲಿ ನುಣ್ಣನೆಯ ಧೂಳು ಡಬ್ಬಿಯ ರಂಧ್ರಗಳನ್ನು ಹೊಕ್ಕು ಶಾಖಶೋಷಕದ ಮೇಲೆ ಪದರುಗಟ್ಟುತ್ತದೆ. ವಿದ್ಯುತ್ತಿನ ಏರಿಳಿತವು ಅಡಾಪ್ಟರನ್ನು ಪೀಡಿಸುತ್ತದೆ. ಉಷ್ಣತೆ 10 ಅಂಶ ಏರಿದಷ್ಟಕ್ಕೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕವಾದುದರಿಂದ, ದುರಸ್ತಿಯ ಅಂಗಡಿಗೆ ಬರುವ ಡಬ್ಬಿಗಳಲ್ಲಿ ತಲೆಯುಬ್ಬಿದ ಕೆಪಾಸಿಟರುಗಳು ಕಂಡುಬರುವುದು ಸಹಜ. ಇದನ್ನು ಬದಲಿಸಲು ನಕ್ಷೆಯೇನೂ ಬೇಡ, ಕಾಸಿದ ಬೆಸುಗೆಕಡ್ಡಿಯೂ ಕೈಚಳಕವೂ ಸಾಕು. ಆದರೆ ತಂತ್ರಾಂಶ ಕೆಟ್ಟು ಡಬ್ಬಿ ಎಚ್ಚರಗೊಳ್ಳದೆ ಬಿದ್ದರೆ ಮುಚ್ಚಿದ ವಿನ್ಯಾಸದಲ್ಲಿ ಅದನ್ನು ಎಸೆಯುವುದೊಂದೇ ದಾರಿ. ಮುಕ್ತ ಫಲಕದಲ್ಲಿ ಸರಣಿಸಂಪರ್ಕದ ಮೂರು ಮೊಳೆಗಳ ಜಾಗವನ್ನು ನಕ್ಷೆಯೇ ತಿಳಿಸುತ್ತದೆ. ವಾಡಿಯ ಅಂಗಡಿಕಾರನೊಬ್ಬನು ಅಲ್ಪಬೆಲೆಯ ಯುಎಸ್‌ಬಿ ಸಂಪರ್ಕಕವನ್ನು ಅಲ್ಲಿಗೆ ಜೋಡಿಸಿ, ವೇಗವನ್ನು ಸಾಮಾನ್ಯವಾದ ಸೆಕೆಂಡಿಗೆ 115200 ಬಿಟ್ಟುಗಳಿಗೆ ಹೊಂದಿಸಿದರೆ, ಬೂಟ್‌ಲೋಡರ್ ಎಲ್ಲಿ ಮುಗ್ಗರಿಸಿತೆಂಬುದನ್ನು ಸಾಲುಸಾಲಾಗಿ ಓದಿ, ಹೊಸ ತಂತ್ರಾಂಶವನ್ನು ಅದೇ ತಂತಿಯ ಮೂಲಕ ತುಂಬಬಲ್ಲನು.